ಒಂದು ಸುತ್ತಿಗೆ ಮೂವತ್ತೆಂಟು ಸೆಂಟಿಮೀಟರು

ಬಿತೊಮ್ ಊರಿನ ಕೆಳಗೆ ನೆಲವಿಲ್ಲ, ತೂತಿದೆ.
ಕಲ್ಲಿದ್ದಲು ಬಗೆದು ಬಗೆದು ಒಯ್ದ ಮೇಲೆ
ಮೂರನೇ ಮಹಡಿಯ ನಮ್ಮ ಮನೆ ತುಸು ಎಡಕ್ಕೆ ವಾಲಿದೆ,
ಮೇಜಿನ ಮೇಲಿಟ್ಟ ಪೆನ್ಸಿಲು ಕಿಟಕಿಯ ಕಡೆ ಉರುಳುತ್ತದೆ.
ಒಂದು ಕಾಲಿಗೆ ಪಿಜ್ಜಾ ಡಬ್ಬಿಯ ರಟ್ಟು ಮಡಿಸಿ ಕೊಟ್ಟೆ.
ಆಮೇಲೆ ಶುರು ನನ್ನ ಅಳತೆ.

ಅಮ್ಮನ ಹೊಲಿಗೆ ಟೇಪು. ಮೌಸಿನ ಮೂಗು ಸೊನ್ನೆಯ ಮೇಲೆ.
ಎಳೆದಂತೆ ಆಟದೊಳಗೆ ತಿರುಗುತ್ತದೆ
ಗೋಡೆ, ಬಾಗಿಲು, ತುಕ್ಕು ಹಿಡಿದ ಪೀಪಾಯಿ, ಮೆಟ್ಟಿಲು,
ಮತ್ತೆ ಅದೇ ಗೋಡೆ.
ಪೂರ್ತಿ ಒಂದು ಸುತ್ತಿಗೆ ಮೂವತ್ತೆಂಟು ಸೆಂಟಿಮೀಟರು.
ಇದು ನನ್ನ ಕೈಯ ಊರು,
ಕಣ್ಣು ಕಟ್ಟಿ ಬಿಟ್ಟರೂ ದಾರಿ ತಪ್ಪುವುದಿಲ್ಲ.

ತಕರಾರು ದುರ್ಬೀನಿನದು.
ಬಲಗುಂಡಿ ಒತ್ತಿದೊಡನೆ ತೊಂಬತ್ತು ಡಿಗ್ರಿಯ ಲೋಕ
ನಲವತ್ತಕ್ಕೆ ಕುಗ್ಗಿ,
ಉಳಿದಷ್ಟು ಹಿಗ್ಗಿ ಮೈಮೇಲೆ ಬರುತ್ತದೆ.
ಅದೇ ಕೈ, ಅದೇ ಅರ್ಧ ಗೇಣು,
ಆದರೆ ಹೆಲ್ಮೆಟ್ಟು ಕಂಡಲ್ಲಿ ನಿಲ್ಲದೆ
ಆಚೆಯ ಇಟ್ಟಿಗೆಗೆ ಗುಂಡು.
ನೋಟ ಕಿರಿದಾದಾಗ ಕೈ ಒರಟಾಗುತ್ತದೆ.

ನಲವತ್ತನ್ನು ತೊಂಬತ್ತರಿಂದ ಭಾಗಿಸಿದೆ, ಪೆದ್ದಿಯ ಹಾಗೆ.
ಸೊನ್ನೆ ದಶಾಂಶ ನಾಲ್ಕು ನಾಲ್ಕು.
ಮತ್ತೆ ಇಟ್ಟಿಗೆ.
ಗ್ಲಿವಿತ್ಸೆಯ ವಿಟೊಲ್ಡ್ ಹೆಡ್‌ಸೆಟ್ಟಿನೊಳಗೆ ನಕ್ಕ:
‘ಪರದೆ ಚಪ್ಪಟೆ, ಒಟೀಲಿಯಾ. ಕೋನ ದುಂಡಗೆ.
ಇಬ್ಬರ ನಡುವೆ ಟ್ಯಾಂಜೆಂಟು ದಲ್ಲಾಳಿ,
ಅವನಿಗೆ ಕೊಡುವುದನ್ನು ಕೊಡು.’

ತೊಂಬತ್ತರ ಅರ್ಧಕ್ಕೆ ಒಂದು.
ನಲವತ್ತರ ಅರ್ಧಕ್ಕೆ ಸೊನ್ನೆ ದಶಾಂಶ ಮೂರು ಆರು ನಾಲ್ಕು.
ಬರೆದೆ. ಒತ್ತಿದೆ.
ನಟ್ಟನಡುವಿನಲ್ಲಿ ಕೈ ಮತ್ತೆ ನನ್ನದಾಯಿತು,
ಹಳೆಯ ಚಪ್ಪಲಿಯೊಳಗೆ ಕಾಲು ಹೋದ ಹಾಗೆ.
ಆದರೆ ಅಂಚಿನಲ್ಲಿ ಯಾರೋ ಇಣುಕಿದಾಗ
ಒಂದು ಬೆರಳಿನಷ್ಟು ಕೈ ಸಾಲಲಿಲ್ಲ.

‘ಸಾಲುವುದೂ ಇಲ್ಲ,’ ಅಂದ ವಿಟೊಲ್ಡ್. ‘ಒಂದು ಚುಕ್ಕೆ ಆರಿಸಿಕೋ.
ಅಲ್ಲಿ ಮಾತ್ರ ಎರಡು ನೋಟಕ್ಕೂ ಒಂದೇ ಕೈ.
ಉಳಿದಲ್ಲೆಲ್ಲ ಸಣ್ಣ ಸುಳ್ಳು.
ನನಗೆ ನಾಳೆ ಡ್ಯೂಟಿ ಇದೆ.’

ಎರಡೂವರೆಗೆ ಅಪ್ಪ ಎದ್ದು ಬಂದ,
ಕಾಲುಚೀಲದಲ್ಲಿ, ಗೋಡೆಗೆ ಬೆರಳು ತಾಗಿಸಿಕೊಂಡು.
ಇಪ್ಪತ್ತಾರು ವರ್ಷ ಟ್ರಾಮ್ ಓಡಿಸಿದವನು.
ಕಳೆದ ನವೆಂಬರಿನಲ್ಲಿ ಅವನೂ ಒಂದು ಶೂಟರ್ ಆಡಿದ:
ಬಿಳಿ ಬಟ್ಟಲಿನೊಳಗೆ ಗದ್ದ ಊರಿ,
ಬೆಳಕಿನ ಚುಕ್ಕೆ ಕಂಡಾಗ ಗುಂಡಿ ಒತ್ತಬೇಕು.
ತುಂಬ ಹೊತ್ತು ಒತ್ತಲೇ ಇಲ್ಲ.
ಆಸ್ಪತ್ರೆ ಕೊಟ್ಟ ಕಾಗದದಲ್ಲಿ
ಸುತ್ತ ತಳ ಹಿಡಿದ ಪಾತ್ರೆಯ ಕಪ್ಪು,
ನಡುವೆ ಒಂದು ಜ್ಲೋಟಿ ನಾಣ್ಯದಷ್ಟು ಬಿಳಿ.

ಮೊದಮೊದಲು ಹಳೆಯ ವೇಗದಲ್ಲೇ ತಿರುಗುತ್ತಿದ್ದ.
ಬಾಗಿಲ ಚೌಕಟ್ಟು ಭುಜಕ್ಕೆ ಸಿಗುತ್ತಿತ್ತು,
ಹೂಜಿ ಎರಡು, ಅತ್ತೆ ಕೊಟ್ಟ ಗಾಜಿನ ಬಾತುಕೋಳಿ ಒಂದು.
ಈಗ ಕತ್ತನ್ನು ನಿಧಾನ, ಬಹಳ ನಿಧಾನ ತಿರುಗಿಸುತ್ತಾನೆ.
ಈ ಗುಣಕ ಅವನಿಗೆ ಯಾರು ಹೇಳಿದರು?
ಕಡೆಗಣ್ಣು ಹೋದವನು
ಯಾವುದನ್ನೂ ಕಡೆಗಣಿಸುವ ಹಾಗಿಲ್ಲ.

‘ಈ ಹೊತ್ತಲ್ಲಿ ಏನು?’
‘ಎರಡು ಕಣ್ಣಿಗೆ ಒಂದು ಕೈ ಹೊಂದಿಸ್ತಾ ಇದೀನಿ.’
‘ಹೊಂದಿತಾ?’
‘ನಡುವೆ.’
ಕುರ್ಚಿಯ ಬೆನ್ನು ಹುಡುಕಿ ಕೂತ. ‘ನಡುವೆ ಸಾಕು.
ಹಳಿ ಇರೋದೇ ನಡುವೆ.’
ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು.
‘ಆದರೆ ಮಕ್ಕಳು ಅಂಚಿನಿಂದ ಓಡಿ ಬರ್ತಾರೆ.
ಅದಕ್ಕೇ ಕೀಲಿಕೈ ಕೊಟ್ಟುಬಿಟ್ಟೆ, ಅವರು ಕೇಳೋ ಮೊದಲೇ.’

ಇಷ್ಟನ್ನು ಅವನು ಅಮ್ಮನಿಗೂ ಹೇಳಿರಲಿಲ್ಲ.

ಟೇಪು ಸುತ್ತಿಟ್ಟೆ. ನನ್ನ ಚಹಾದ ಲೋಟ
ಅವನ ಮೊಣಕೈಯ ಹತ್ತಿರ, ಮೇಜಿನ ತುದಿಯಲ್ಲಿತ್ತು.
ಸದ್ದಾಗದಂತೆ ಒಂದು ಗೇಣು ಒಳಕ್ಕೆ ಸರಿಸಿದೆ.

‘ಕಂಡಿತ್ತು ಬಿಡು,’ ಅಂದ.
ಕಂಡಿರಲಿಲ್ಲ.